ಗಂಟೆ ಬಾರಿಸಿದ ಮೇಲೆ ಶುರುವಾಗುವ ಲೆಕ್ಕ: ಪಿಎಸ್‌ಎ ಏರಿದರೆ ಕ್ಯಾನ್ಸರ್ ಮರಳಿತು ಅಂತಲೇ?

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಫಿಲಡೆಲ್ಫಿಯಾದ ಆಸ್ಪತ್ರೆಯೊಂದರಲ್ಲಿ ಗಂಟೆ ಬಾರಿಸುವ ವಿಡಿಯೋ ನೀವೂ ನೋಡಿರಬಹುದು. ಮಗಳು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದರು. ರೇಡಿಯೇಷನ್ ಮುಗಿಸಿದವರು ಹೀಗೆ ಗಂಟೆ ಬಾರಿಸಿ ಹೊರಬರುವುದು ಅಲ್ಲಿನ ರೂಢಿ. ಸುತ್ತ ನಿಂತ ನರ್ಸುಗಳು ಚಪ್ಪಾಳೆ ತಟ್ಟುತ್ತಾರೆ, ಮನೆಯವರು ಫೋಟೋ ತೆಗೆಯುತ್ತಾರೆ, ಒಂದು ಅಧ್ಯಾಯ ಮುಗಿದಂತೆ ಕಾಣುತ್ತದೆ.

ಬೈಡನ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂದು ಪ್ರಕಟವಾದದ್ದು ಅದೇ ವರ್ಷದ ಮೇ 18ರಂದು. ಗ್ಲೀಸನ್ ಸ್ಕೋರ್ 9, ಮೂಳೆಗೂ ಹರಡಿದೆ ಎಂದು ಹೇಳಿಕೆಯಲ್ಲಿತ್ತು. ಕಾಯಿಲೆಯ ಸುದ್ದಿ ಬಂದು ದಿನ ಕಳೆಯುವ ಮೊದಲೇ ಅದು ರಾಜಕೀಯವಾಯಿತು. ಶ್ವೇತಭವನದಲ್ಲಿದ್ದಾಗಲೇ ಗೊತ್ತಿತ್ತಾ, ಮುಚ್ಚಿಟ್ಟರಾ, ವೈದ್ಯರು ಏನು ಮಾಡುತ್ತಿದ್ದರು ಅಂತೆಲ್ಲ. ಅವರ ಕೊನೆಯ ಪಿಎಸ್‌ಎ ಪರೀಕ್ಷೆ 2014ರಲ್ಲಿ ಆಗಿತ್ತು ಎಂದು ವಕ್ತಾರರು ಹೇಳಿದ ಮೇಲಂತೂ ಅನುಮಾನದ ಅಂಗಡಿ ಪೂರ್ತಿ ತೆರೆಯಿತು. ಎಪ್ಪತ್ತು ದಾಟಿದ ಗಂಡಸರಿಗೆ ಈ ಪರೀಕ್ಷೆಯನ್ನು ವಾಡಿಕೆಯಾಗಿ ಮಾಡಬೇಡಿ ಎಂದು ಅಮೆರಿಕದ ತಜ್ಞರ ಕಾರ್ಯಪಡೆಯೇ 2018ರಲ್ಲಿ ಶಿಫಾರಸು ಮಾಡಿದೆ. ಆ ಮಾತು ಯಾರಿಗೂ ಬೇಕಿರಲಿಲ್ಲ. ಇಲ್ಲದ ಒಂದು ಅಂಕಿಯಿಂದಲೇ ಇಷ್ಟು ಕಥೆ ಹುಟ್ಟಿತು. ಹಾಗಾದರೆ ಅಂಕಿ ಕೈಯಲ್ಲಿದ್ದೂ ಅದು ಆರು ತಿಂಗಳಿಗೊಮ್ಮೆ ಏರಿಳಿಯುತ್ತಿದ್ದರೆ?

ಗಂಟೆ ಬಾರಿಸಿದ ಮೇಲಿನ ಈ ಕಥೆಯನ್ನು ಯಾರೂ ವಿಡಿಯೋ ಮಾಡುವುದಿಲ್ಲ.

ಮೊದಲು ಪಿಎಸ್‌ಎ ಏನು ಅಂತ ನೋಡೋಣ. ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್ ಅದು. ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೋರುತ್ತದೆ, ಆ ಸೋರಿಕೆಯನ್ನು ಲ್ಯಾಬ್‌ನಲ್ಲಿ ಅಳೆಯುತ್ತಾರೆ. ಹೆಸರಲ್ಲೇ ಇದೆ, 'ಪ್ರಾಸ್ಟೇಟ್ ಸ್ಪೆಸಿಫಿಕ್'. ಅಂದರೆ ಅದು ಗ್ರಂಥಿಯ ಗುರುತು, ಕ್ಯಾನ್ಸರ್‌ನ ಗುರುತಲ್ಲ. ಸೋಂಕಾದರೆ ಏರುತ್ತೆ, ವಯಸ್ಸಾಗಿ ಗ್ರಂಥಿ ಊದಿಕೊಂಡರೆ ಏರುತ್ತೆ, ಕ್ಯಾನ್ಸರ್ ಇದ್ದರೂ ಏರುತ್ತೆ. 1970ರಲ್ಲಿ ಈ ಆಂಟಿಜೆನ್ ಬಗ್ಗೆ ಬರೆದ ವಿಜ್ಞಾನಿ ರಿಚರ್ಡ್ ಆಬ್ಲಿನ್ ಅವರೇ ನಲವತ್ತು ವರ್ಷಗಳ ನಂತರ, 2010ರಲ್ಲಿ, ಆರೋಗ್ಯವಂತರನ್ನೆಲ್ಲ ಸಾಲಾಗಿ ನಿಲ್ಲಿಸಿ ಇದನ್ನು ಮಾಡುವ ಪದ್ಧತಿಯನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಕಟುವಾಗಿ ಟೀಕಿಸಿದರು. ಆದರೆ ಒಮ್ಮೆ ಚಿಕಿತ್ಸೆಯಾದವರ ಮೇಲೆ ನಿಗಾ ಇಡಲು ಇದು ಬೇಕೇ ಬೇಕು. ತಕರಾರು ಇರುವುದು ಅದನ್ನು ಓದುವ ರೀತಿಯಲ್ಲಿ.

ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದುಬಿಟ್ಟರೆ ಲೆಕ್ಕ ಸರಳ. ಕಾರ್ಖಾನೆಯೇ ಇಲ್ಲದಿದ್ದ ಮೇಲೆ ಸರಕು ಎಲ್ಲಿಂದ ಬರಬೇಕು? ಕೆಲವೇ ವಾರಗಳಲ್ಲಿ ಅಂಕಿ ಅಳತೆಗೆ ಸಿಗದಷ್ಟು ಇಳಿಯಬೇಕು; ಆಮೇಲೆ ಕಾಣಿಸಿಕೊಂಡರೆ ಗಂಭೀರವಾಗಿ ನೋಡಬೇಕು. ರೇಡಿಯೇಷನ್‌ನಲ್ಲಿ ಹಾಗಲ್ಲ. ಗ್ರಂಥಿ ಒಳಗೇ ಉಳಿದಿರುತ್ತದೆ. ವಿಕಿರಣವು ಜೀವಕೋಶದ ಡಿಎನ್‌ಎಯನ್ನು ಮುರಿಯುತ್ತದೆ, ಆದರೆ ಕೋಶ ಸಾಮಾನ್ಯವಾಗಿ ಸಾಯುವುದು ಅದು ವಿಭಜನೆಗೆ ಹೊರಟಾಗ. ಪ್ರಾಸ್ಟೇಟ್ ಕೋಶಗಳು ನಿಧಾನವಾಗಿ ವಿಭಜಿಸುವಂಥವು. ಹಾಗಾಗಿ ಪಿಎಸ್‌ಎ ತಿಂಗಳುಗಟ್ಟಲೆ, ಹಲವರಲ್ಲಿ ಒಂದೂವರೆ ಎರಡು ವರ್ಷ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಕಾಲ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಇಳಿದು ಮುಟ್ಟುವ ತಳದ ಅಂಕಿಗೆ ವೈದ್ಯರು 'ನಾಡಿರ್' ಅನ್ನುತ್ತಾರೆ.

ಈ ಇಳಿಜಾರಿನ ಮಧ್ಯೆ ಎಷ್ಟೋ ಜನರಿಗೆ ಅಂಕಿ ಇದ್ದಕ್ಕಿದ್ದಂತೆ ಮೇಲಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಚಿಕಿತ್ಸೆ ಮುಗಿದು ಒಂದರಿಂದ ಮೂರು ವರ್ಷದೊಳಗೆ. ಏನೂ ಮಾಡದಿದ್ದರೂ ಕೆಲವು ತಿಂಗಳಲ್ಲಿ ತಾನಾಗಿಯೇ ಕೆಳಗೆ ಬರುತ್ತದೆ. ಇದಕ್ಕೆ 'ಪಿಎಸ್‌ಎ ಬೌನ್ಸ್' ಎಂದು ಹೆಸರು. ವಯಸ್ಸು ಕಡಿಮೆ ಇದ್ದವರಲ್ಲಿ, ಗ್ರಂಥಿಯೊಳಗೇ ವಿಕಿರಣಶೀಲ ಬೀಜಗಳನ್ನು ಇಡುವ ಬ್ರೇಕಿಥೆರಪಿ ಆದವರಲ್ಲಿ ಇದು ಹೆಚ್ಚು. ವಿಕಿರಣದಿಂದಾದ ಉರಿಯೂತ ಇದಕ್ಕೆ ಕಾರಣ ಎನ್ನುತ್ತಾರೆ, ದೇಹದ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ ಎಂಬ ವಾದವೂ ಇದೆ. ಹಾರ್ಮೋನ್ ಇಂಜೆಕ್ಷನ್ ಜೊತೆಗೆ ರೇಡಿಯೇಷನ್ ಆದವರಿಗೆ ಇನ್ನೊಂದು ಏರಿಕೆ ಇದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಟೆಸ್ಟೋಸ್ಟೆರಾನ್ ವಾಪಸ್ ಬರುತ್ತೆ, ಅದರ ಬೆನ್ನಿಗೆ ಪಿಎಸ್‌ಎ ಕೂಡ ಒಂದಿಷ್ಟು ಏರುತ್ತೆ. (ಬೈಡನ್ ಅವರದ್ದು ಮೂಳೆಗೆ ಹರಡಿದ ಕಾಯಿಲೆ, ಹಾರ್ಮೋನ್ ಚಿಕಿತ್ಸೆಯೂ ಇದೆ. ಅವರ ಅಂಕಿಗಳನ್ನು ಓದುವ ಲೆಕ್ಕವೇ ಬೇರೆ. ನಾನು ಹೇಳುತ್ತಿರುವುದು ಕಾಯಿಲೆ ಗ್ರಂಥಿಯೊಳಗೇ ಇದ್ದು ರೇಡಿಯೇಷನ್ ಮಾಡಿಸಿಕೊಂಡವರ ಬಗ್ಗೆ.)

ಎಲೆಕ್ಟ್ರಾನಿಕ್ಸ್ ಓದಿದವರಿಗೆ 'ಬೌನ್ಸ್' ಅಂದ ತಕ್ಷಣ ಲ್ಯಾಬ್ ನೆನಪಾಗುತ್ತೆ. ಒಂದು ಸ್ವಿಚ್ ಒತ್ತಿದರೆ ಒಳಗಿನ ಲೋಹದ ಪಟ್ಟಿ ಕೆಲವು ಮಿಲಿಸೆಕೆಂಡ್ ಅದುರುತ್ತದೆ. ಮೈಕ್ರೋಕಂಟ್ರೋಲರ್ ಅವಸರಪಟ್ಟು ಓದಿದರೆ ಒಂದು ಸಲ ಒತ್ತಿದ್ದನ್ನು ಐದು ಸಲ ಅಂತ ಎಣಿಸುತ್ತೆ. ಅದಕ್ಕೇ ಕೋಡ್‌ನಲ್ಲಿ ಒಂದು ಸಾಲು ಸೇರಿಸುತ್ತೇವೆ: ಸ್ವಲ್ಪ ಕಾಯಿ, ಮತ್ತೆ ಓದು. ಜಾಸ್ತಿ ಕಾದರೆ ನಿಜವಾಗಿ ಒತ್ತಿದ್ದೂ ತಪ್ಪಿಹೋಗುತ್ತದೆ. ಹಾಗಾದರೆ ಎಷ್ಟು ಕಾಯಬೇಕು? ರೇಡಿಯೇಷನ್ ತಜ್ಞರು ವರ್ಷಗಟ್ಟಲೆ ಜಗಳಾಡಿದ್ದೂ ಇದೇ ಪ್ರಶ್ನೆಗೆ. 1997ರಲ್ಲಿ ಅಮೆರಿಕದ ರೇಡಿಯೇಷನ್ ತಜ್ಞರ ಸಂಘ 'ಆಸ್ಟ್ರೋ' ಪ್ರಕಟಿಸಿದ ನಿಯಮದ ಪ್ರಕಾರ, ಸತತ ಮೂರು ಸಲ ಏರಿದರೆ ಚಿಕಿತ್ಸೆ ವಿಫಲ. ತೊಂದರೆ ಏನಂದರೆ, ಬೌನ್ಸ್ ಆಗುತ್ತಿದ್ದ ಕೆಲವರೂ ಸಣ್ಣ ಸಣ್ಣದಾಗಿ ಮೂರು ಸಲ ಏರಿ ವಿಫಲರ ಪಟ್ಟಿಗೆ ಸೇರಿಬಿಡುತ್ತಿದ್ದರು. 2005ರಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಸೇರಿ ನಿಯಮ ಬದಲಿಸಿದರು, ಮರುವರ್ಷ ಪ್ರಕಟವಾಯಿತು. ನಾಡಿರ್‌ಗೆ 2 ಸೇರಿಸಿ. ಅಂಕಿ ಆ ಗೆರೆ ಮುಟ್ಟಿದರೆ ಮಾತ್ರ ಕಾಯಿಲೆ ಮರಳಿದೆ ಎಂದು ಲೆಕ್ಕ. ಅದಕ್ಕೆ ಫೀನಿಕ್ಸ್ ವ್ಯಾಖ್ಯೆ ಎಂದೇ ಹೆಸರು ಬಂತು. ಬೂದಿಯಿಂದ ಎದ್ದು ಬರುವ ಹಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಕ್ಯಾನ್ಸರ್ ಮರಳುವುದನ್ನು ಅಳೆಯುವ ನಿಯಮಕ್ಕೆ ಇದಕ್ಕಿಂತ ಅಪಶಕುನದ ಹೆಸರು ಸಿಗಲಿಕ್ಕಿಲ್ಲ.

ಈಗ ನಮ್ಮ ಮನೆಯ ಅಂಕಿಗಳು. ನಮ್ಮ ದೊಡ್ಡಪ್ಪನಿಗೆ ಅರವತ್ತಾರು. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ತೆಂಗಿನ ತೋಟ. ಚಿಕಿತ್ಸೆಗೆ ಮೊದಲು ಪಿಎಸ್‌ಎ 11.2. 2023ರ ಆರಂಭದಲ್ಲಿ ಬೆಂಗಳೂರಿನಲ್ಲಿ ರೇಡಿಯೇಷನ್ ಆಯಿತು, ಆಯುಷ್ಮಾನ್ ಕಾರ್ಡಿನಲ್ಲಿ, ಒಟ್ಟು ಇಪ್ಪತ್ತು ಸಿಟ್ಟಿಂಗ್. ಮೊದಲೆಲ್ಲ ಮೂವತ್ತೇಳು, ಮೂವತ್ತೆಂಟು ದಿನ ಓಡಾಡಬೇಕಿತ್ತು. ಇಪ್ಪತ್ತರಲ್ಲೇ ಮುಗಿಸಿದರೂ ಫಲಿತಾಂಶ ಕಡಿಮೆಯೇನಲ್ಲ ಎಂದು ಬ್ರಿಟನ್ನಿನ ದೊಡ್ಡ ಟ್ರಯಲ್ ಒಂದು 2016ರಲ್ಲಿ ತೋರಿಸಿದ ಮೇಲೆ ದೂರದ ಊರಿಂದ ಬರುವವರಿಗೆ ಉಪಕಾರವಾಯಿತು. ಹಾರ್ಮೋನ್ ಇಂಜೆಕ್ಷನ್ ಕೊಟ್ಟಿರಲಿಲ್ಲ. ಆಮೇಲೆ ಆರು ತಿಂಗಳಿಗೆ 3.1, ವರ್ಷಕ್ಕೆ 1.2, ಒಂದೂವರೆ ವರ್ಷಕ್ಕೆ 0.7. ಮನೆಯಲ್ಲಿ ಎಲ್ಲರೂ ಮರೆತೇಬಿಟ್ಟಿದ್ದೆವು. 2025ರ ಫೆಬ್ರವರಿಯಲ್ಲಿ 1.6 ಬಂತು.

ರಿಪೋರ್ಟ್ ಕೊಟ್ಟ ಲ್ಯಾಬಿನ ಹುಡುಗ "ನಾರ್ಮಲ್ ಇದೆ ಯಜಮಾನ್ರೇ" ಅಂದನಂತೆ. ಅವನ ತಪ್ಪೇನಿಲ್ಲ, ರಿಪೋರ್ಟಿನಲ್ಲಿ ಹಾಗೇ ಪ್ರಿಂಟಾಗಿತ್ತು. ಪಕ್ಕದ ಕಾಲಮಿನಲ್ಲಿ 'ಸಾಮಾನ್ಯ ವ್ಯಾಪ್ತಿ 0ಯಿಂದ 4'. ಚಿಕಿತ್ಸೆಯಾಗದ ಗಂಡಸರ ವ್ಯಾಪ್ತಿ ಅದು. ರೇಡಿಯೇಷನ್ ಆದವರಿಗೆ ಆ ಕಾಲಮಿಗೆ ಅರ್ಥವೇ ಇಲ್ಲ, ಅವರಿಗೆ ಅವರದೇ ಹಿಂದಿನ ಅಂಕಿಗಳು ಮಾತ್ರ ಅಳತೆಗೋಲು. ನಾಡಿರ್ 0.4 ಇದ್ದವರಿಗೆ 3.5 ಬಂದರೂ ರಿಪೋರ್ಟ್ 'ನಾರ್ಮಲ್' ಎಂದೇ ತೋರಿಸುತ್ತೆ. ಇಷ್ಟು ಅಪಾಯಕಾರಿ ಸಾಲನ್ನು ಲ್ಯಾಬ್‌ಗಳು ಯೋಚನೆಯಿಲ್ಲದೆ ಅಚ್ಚುಹಾಕುತ್ತಿವೆ.

ಅತ್ತ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವ ಕಸಿನ್ ಒಬ್ಬ ಇಂಟರ್ನೆಟ್ಟಿನ ಕ್ಯಾಲ್ಕ್ಯುಲೇಟರಿಗೆ 0.7 ಮತ್ತು 1.6 ಹಾಕಿದ. 'ದ್ವಿಗುಣವಾಗಲು 5 ತಿಂಗಳು' ಅಂತ ಬಂತು. ಪಿಎಸ್‌ಎ ಎಷ್ಟು ಬೇಗ ಇಮ್ಮಡಿಯಾಗುತ್ತೆ ಅನ್ನುವುದನ್ನು ವೈದ್ಯರು ನಿಜಕ್ಕೂ ನೋಡುತ್ತಾರೆ. ಬೇಗ ಇಮ್ಮಡಿಯಾದಷ್ಟೂ ಅಪಾಯ ಹೆಚ್ಚು. ಗಣಿತವೂ ಸರಿಯಾಗಿಯೇ ಇತ್ತು, ನಾನೂ ಲಾಗರಿದಮ್ ಹಾಕಿ ನೋಡಿದೆ. ಆದರೆ ಎರಡು ಬಿಂದುಗಳ ನಡುವೆ ಯಾವ ಗೆರೆ ಬೇಕಾದರೂ ಎಳೆಯಬಹುದು. ಕನಿಷ್ಠ ಮೂರು ಅಂಕಿ ಇಲ್ಲದೆ ಈ ಲೆಕ್ಕ ಮಾಡಬಾರದು. ಒಂದು ಉಪಚುನಾವಣೆ ನೋಡಿ ರಾಜ್ಯದ ಗಾಳಿ ಎತ್ತ ಬೀಸುತ್ತಿದೆ ಎಂದು ರಾತ್ರಿಯಿಡೀ ಚರ್ಚೆ ಮಾಡುವ ಟಿವಿ ಪ್ಯಾನೆಲ್‌ಗೂ ಇದಕ್ಕೂ ವ್ಯತ್ಯಾಸವಿಲ್ಲ.

ದೊಡ್ಡಪ್ಪ ನನಗೆ ಫೋನ್ ಮಾಡಿ, "ಲೋ, ನೀನು ಇಂಜಿನಿಯರಿಂಗ್ ಓದಿದೀಯಲ್ಲ. ಒಬ್ಬ ನಾರ್ಮಲ್ ಅಂತಾನೆ, ಒಬ್ಬ ವಾಪಸ್ ಬಂದದೆ ಅಂತಾನೆ. ಎರಡೂ ಒಂದೇ ಕಾಗದದ ಮೇಲೆ ಹೆಂಗಪ್ಪಾ?" ಅಂದರು.

ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಿದೆವು, 1.9. ಇದನ್ನು ನೋಡಿದ ಖಾಸಗಿ ಆಸ್ಪತ್ರೆಯೊಂದರ ವೈದ್ಯರು ತಕ್ಷಣ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿ, ಹಾರ್ಮೋನ್ ಇಂಜೆಕ್ಷನ್ ಶುರುಮಾಡೋಣ ಅಂದರು. ಅದೇ ದಿನ ಹಣ ಕಟ್ಟಿಸಿಕೊಳ್ಳಲು ಕೌಂಟರ್ ಕೂಡ ತೋರಿಸಿದರು. ಸ್ಕ್ಯಾನ್ ಅಂದರೆ ತೋಟದ ಒಂದು ಕೊಯ್ಲಿನ ದುಡ್ಡು. ಇಂಜೆಕ್ಷನ್ ಅಂದರೆ ಟೆಸ್ಟೋಸ್ಟೆರಾನ್ ಪೂರ್ತಿ ಬಂದ್. ಮೈ ಬಿಸಿಯೇರುವುದು, ಸುಸ್ತು, ಮೂಳೆ ಸವೆತ, ಮಾಂಸಖಂಡ ಕರಗುವುದು, ಸಕ್ಕರೆ ಕಾಯಿಲೆಯ ಅಪಾಯ, ಲೈಂಗಿಕ ಆಸಕ್ತಿ ಸತ್ತೇಹೋಗುವುದು. ಕಾಯಿಲೆ ನಿಜಕ್ಕೂ ಮರಳಿದ್ದರೆ ಇದನ್ನೆಲ್ಲ ಸಹಿಸಲೇಬೇಕು. ಬೌನ್ಸ್‌ಗೆ ಹೆದರಿ ಮಾಡಿಸಿಕೊಂಡರೆ ಇದರಷ್ಟು ಅನ್ಯಾಯ ಇನ್ನೊಂದಿಲ್ಲ. ಇನ್ನೂ ವಿಚಿತ್ರವೆಂದರೆ, ಇಂಜೆಕ್ಷನ್ ಕೊಟ್ಟ ಕೂಡಲೇ ಪಿಎಸ್‌ಎ ಹೇಗೂ ಇಳಿಯುತ್ತದೆ. 'ನೋಡಿ, ಸರಿಯಾದ ಸಮಯಕ್ಕೆ ಹಿಡಿದೆವು' ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಕೊಡದಿದ್ದರೂ ಇಳಿಯುತ್ತಿತ್ತಾ ಎಂಬುದನ್ನು ಆಮೇಲೆ ಯಾರೂ ಸಾಬೀತು ಮಾಡಲಾರರು. ಹಾಗಾಗಿ ಅವಸರಪಟ್ಟ ವೈದ್ಯರು ಲೆಕ್ಕದಲ್ಲಿ ಎಂದೂ ಸೋಲುವುದಿಲ್ಲ.

ರೇಡಿಯೇಷನ್ ಕೊಟ್ಟ ಆಸ್ಪತ್ರೆಯ ವೈದ್ಯೆ ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ಕೇಳಿದ ಮೊದಲ ಪ್ರಶ್ನೆ: "ಎರಡೂ ಒಂದೇ ಲ್ಯಾಬಿಂದಾ?" ಅಲ್ಲ. ಮೊದಲನೆಯದು ಊರಿನ ಪಕ್ಕದ್ದು, ಎರಡನೆಯದು ಬೆಂಗಳೂರಿನದು. ಪಿಎಸ್‌ಎ ಅಳೆಯುವ ಯಂತ್ರ ಮತ್ತು ಕಿಟ್‌ಗಳು ಬೇರೆ ಬೇರೆ ಕಂಪನಿಯವು, ಅವುಗಳ ಮಾಪನದ ಮಾನದಂಡವೂ ಬೇರೆ. ಹಳೆಯ ಹೈಬ್ರಿಟೆಕ್ ಮಾನದಂಡ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ, ಇವೆರಡರ ಮಧ್ಯೆಯೇ ಸುಮಾರು ಶೇ 20ರಷ್ಟು ವ್ಯತ್ಯಾಸ ಬರುತ್ತೆ. 1.6ಕ್ಕೆ ಶೇ 20 ಸೇರಿಸಿ ನೋಡಿ, 1.92. ಅಂದರೆ ಎರಡು ತಿಂಗಳಲ್ಲಿ ಏನೂ ಏರದೆಯೇ 1.9 ಬಂದಿರಬಹುದು. ನಮ್ಮ ಮನೆಯವರ ನಿದ್ದೆಗೆಡಿಸಿದ ಆ 0.3 ಒಂದು ಯಂತ್ರಕ್ಕೂ ಇನ್ನೊಂದು ಯಂತ್ರಕ್ಕೂ ಇರುವ ಅಂತರ ಆಗಿದ್ದಿರಬಹುದು. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟೆರೈಡ್ ಥರದ ಮಾತ್ರೆ ನುಂಗುತ್ತಿದ್ದರೆ ಅಂಕಿ ಸುಮಾರು ಅರ್ಧಕ್ಕೆ ಇಳಿದು ಕಾಣುತ್ತೆ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ತಿನ್ನುವವರಲ್ಲಿ ಕೆಲವು ಕಿಟ್‌ಗಳು ಕಡಿಮೆ ತೋರಿಸುತ್ತವೆ. ಇವನ್ನೆಲ್ಲ ಕೇಳುವವರು ಯಾರು?

ದೊಡ್ಡಪ್ಪನ ನಾಡಿರ್ 0.7, ಗೆರೆ 2.7. ವೈದ್ಯೆ ಆ ಗೆರೆ ತೋರಿಸಿ, "ಇನ್ನೂ ಅಲ್ಲಿಗೆ ಹೋಗಿಲ್ಲ. ಹೋದರೂ ಕಣ್ಣುಮುಚ್ಚಿ ಇಂಜೆಕ್ಷನ್ ಕೊಡಲ್ಲ. ಒಂದೇ ಲ್ಯಾಬಲ್ಲಿ ಮಾಡಿಸಿಕೊಂಡು ಬನ್ನಿ" ಎಂದರು. ಆಗಸ್ಟಿನಲ್ಲಿ 1.1. ಡಿಸೆಂಬರಿನಲ್ಲಿ 0.6. ಹೊಸ ತಳ ಸಿಕ್ಕಿದ್ದರಿಂದ ಗೆರೆಯೂ ಈಗ 2.6ಕ್ಕೆ ಇಳಿದಿದೆ.

ಇದು ಎಲ್ಲರಿಗೂ ಹೀಗೇ ಆಗುತ್ತೆ ಎಂದು ದಯವಿಟ್ಟು ಓದಿಕೊಳ್ಳಬೇಡಿ. ಏರಿದ ಅಂಕಿ ಇಳಿಯದೆ, ತಿಂಗಳು ತಿಂಗಳಿಗೆ ವೇಗ ಹೆಚ್ಚಿಸಿಕೊಂಡು, ಸ್ಕ್ಯಾನ್‌ನಲ್ಲಿ ಮೂಳೆಯಲ್ಲೋ ಗ್ರಂಥಿಯಲ್ಲೋ ಕಾಯಿಲೆ ಕಾಣಿಸಿಕೊಂಡವರೂ ಇದ್ದಾರೆ. ಅವರಿಗೆ ಸ್ಕ್ಯಾನ್ ತಡವಾದರೆ ನಷ್ಟ. ಸಮಸ್ಯೆ ಇರುವುದೇ ಇಲ್ಲಿ: ಮೊದಲ ಏರಿಕೆಯ ದಿನ ಇವರಿಬ್ಬರ ಕಾಗದವೂ ಒಂದೇ ಥರ ಇರುತ್ತೆ. ಬೇರೆಯಾಗುವುದು ಮುಂದಿನ ಮೂರನೆಯ, ನಾಲ್ಕನೆಯ ಅಂಕಿಯಲ್ಲಿ. ಅಂದರೆ ಇಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ಸರಿಯಾಗಿ ಕಾಯುವ ವ್ಯವಸ್ಥೆ. ಒಂದೇ ಲ್ಯಾಬ್, ಒಂದೇ ಕಿಟ್, ನಿಗದಿತ ಅಂತರ, ಹಿಂದಿನ ಅಂಕಿಗಳನ್ನು ಬಲ್ಲ ಒಬ್ಬ ವೈದ್ಯ. ನಮ್ಮ ಸರ್ಕಾರಿ ಯೋಜನೆಗಳಿಗೆ ಈ ಕಾಯುವಿಕೆ ಕಾಣುವುದೇ ಇಲ್ಲ ಎಂಬುದು ನನ್ನ ದೂರು.

ಆಯುಷ್ಮಾನ್ ಭಾರತ್, ನಮ್ಮಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿ ನಡೆಯುತ್ತಿರುವ ಯೋಜನೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತೆ. ದೊಡ್ಡಪ್ಪನ ರೇಡಿಯೇಷನ್ನಿಗೆ ಆದದ್ದು ಅದರಿಂದಲೇ, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಕೇಂದ್ರದ ಯೋಜನೆಯ ಸ್ವರೂಪವೇ ಆಸ್ಪತ್ರೆ ದಾಖಲಾತಿಯ ಸುತ್ತ ಹೆಣೆದದ್ದು. ಬಿಡುಗಡೆಯಾದ ಮೇಲೆ 15 ದಿನದ ಖರ್ಚು, ಅಲ್ಲಿಗೆ ಮುಗೀತು. ಹೊರರೋಗಿಯಾಗಿ ಬಂದು ಮಾಡಿಸುವ ಪರೀಕ್ಷೆ ಅದರೊಳಗಿಲ್ಲ. ಪ್ರಾಸ್ಟೇಟ್ ರೇಡಿಯೇಷನ್ ಆದವರಿಗೆ ನಿಗಾ ಬೇಕಿರುವುದು ಮೊದಲ ಐದು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅಂಕಿ ಏರಿದರೆ ಇನ್ನೂ ಹತ್ತಿರ ಹತ್ತಿರ. ಹದಿನೈದು ದಿನಕ್ಕೂ ಐದು ವರ್ಷಕ್ಕೂ ಎಲ್ಲಿಯ ಹೊಂದಾಣಿಕೆ? ಲಕ್ಷಾಂತರ ಖರ್ಚಿನ ಚಿಕಿತ್ಸೆ ಪುಕ್ಕಟೆ, ಅದು ಫಲಿಸಿತೋ ಇಲ್ಲವೋ ನೋಡುವ ಕೆಲವು ನೂರು ರೂಪಾಯಿಯ ಟೆಸ್ಟ್ ಮಾತ್ರ ಕೈಯಿಂದ. ಬಸ್ ಚಾರ್ಜು, ಹಾಳಾದ ದಿನದ ಕೂಲಿ ಬೇರೆ. ಪರಿಣಾಮ ಏನಾಗುತ್ತೆ? ಕೆಲವರು ಟೆಸ್ಟ್ ಮಾಡಿಸುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ಯಾವ ಲ್ಯಾಬಲ್ಲಿ ಆಫರ್ ಇದೆಯೋ ಅಲ್ಲಿ ಮಾಡಿಸುತ್ತಾರೆ, ಪ್ರತಿ ಸಲ ಬೇರೆ ಯಂತ್ರ.

2025ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದು ಘೋಷಣೆಯಾಯಿತು. ಕರ್ನಾಟಕವೂ ಅದೇ ವರ್ಷ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಶುರು ಮಾಡಿತು. ಒಳ್ಳೆಯದೇ. ಆದರೆ ಈ ಕೇಂದ್ರಗಳಿಗೆ ಹತ್ತಿಸಿಕೊಳ್ಳಬೇಕಾದವರಲ್ಲಿ ಚಿಕಿತ್ಸೆ ಮುಗಿಸಿ ಮನೆಯಲ್ಲಿ ಕೂತವರೂ ಇದ್ದಾರೆ. ಜಿಲ್ಲೆಗೊಂದು ಯಂತ್ರ, ಒಂದೇ ಕಿಟ್, ರೋಗಿಗೊಂದು ಪುಟದ ಗ್ರಾಫ್. ಇದಕ್ಕೆ ಕೃತಕ ಬುದ್ಧಿಮತ್ತೆಯೂ ಬೇಡ, ಇನ್ನೊಂದು ಆ್ಯಪೂ ಬೇಡ. 2021ರಲ್ಲಿ ಶುರುವಾದ ಆಯುಷ್ಮಾನ್ ಡಿಜಿಟಲ್ ಮಿಷನ್ನಿನ ಆಭಾ ನಂಬರ್ ದೊಡ್ಡಪ್ಪನ ಬಳಿಯೂ ಇದೆ. ಅವರ ಅಂಕಿಗಳು ಮಾತ್ರ ಇರುವುದು ಸೊಸೈಟಿ ಕ್ಯಾಲೆಂಡರಿನ ಹಿಂದೆ, ಬಾಲ್‌ಪೆನ್ನಿನಲ್ಲಿ.

ಗಂಡಸರ ಮೌನದ ಬಗ್ಗೆ ಒಂದು ಮಾತು. ಅಮೆರಿಕದ ರಕ್ಷಣಾ ಸಚಿವರಾಗಿದ್ದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರಿನಲ್ಲಿ ಪ್ರಾಸ್ಟೇಟ್ ಆಪರೇಷನ್ ಮಾಡಿಸಿಕೊಂಡು, ತೊಂದರೆಯಾಗಿ ಜನವರಿ 1ರಂದು ಮತ್ತೆ ಆಸ್ಪತ್ರೆಗೆ ಸೇರಿದಾಗ ಸ್ವತಃ ಅಧ್ಯಕ್ಷರಿಗೇ ದಿನಗಟ್ಟಲೆ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಸೇನೆಯ ಹೊಣೆ ಹೊತ್ತವರೇ ಹೇಳಿಕೊಳ್ಳಲಿಲ್ಲ ಅಂದಮೇಲೆ ನಮ್ಮ ಹಳ್ಳಿಯ ಗಂಡಸರು 'ಮೂತ್ರದ ತೊಂದರೆ' ಅಂತ ಎರಡು ಪದದಲ್ಲಿ ಮುಗಿಸಿದರೆ ಆಶ್ಚರ್ಯವಿಲ್ಲ. ಹೀಗೆ ಮುಚ್ಚಿಟ್ಟಾಗ ಅಂಕಿಯ ಭಯವನ್ನೂ ಒಬ್ಬರೇ ನುಂಗುತ್ತಾರೆ. ಇಂಗ್ಲಿಷಿನಲ್ಲಿ ಪಿಎಸ್‌ಎಯ 'ಎ' ಅಂದರೆ ಆಂಗ್ಸೈಟಿ ಅಂತ ಒಂದು ಹಳೇ ಜೋಕಿದೆ. ಫೆಬ್ರವರಿಯಿಂದ ಆಗಸ್ಟಿನವರೆಗೆ ದೊಡ್ಡಪ್ಪ ತೋಟಕ್ಕೆ ಹೊಸ ಸಸಿ ಹಾಕಿಸಲಿಲ್ಲ. ಯಾಕೆ ಅಂತ ದೊಡ್ಡಮ್ಮ ಕೇಳಿದರೆ, "ತೆಂಗು ಫಸಲಿಗೆ ಬರೋಕೆ ಎಷ್ಟು ವರ್ಷ ಬೇಕು, ನಿಂಗೇ ಗೊತ್ತಲ್ಲ" ಅನ್ನುತ್ತಿದ್ದರಂತೆ.

ಈ ಕಾಯಿಲೆ ನಮಗೆ ದೂರದ್ದಲ್ಲ. ಜಗತ್ತಿನಲ್ಲಿ 2020ರಲ್ಲಿ 14 ಲಕ್ಷ ಇದ್ದ ಹೊಸ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಕರಣಗಳು 2040ಕ್ಕೆ 29 ಲಕ್ಷಕ್ಕೆ ಏರುತ್ತವೆ ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಅಂದಾಜಿಸಿದೆ. ಏರಿಕೆಯ ದೊಡ್ಡ ಪಾಲು ನಮ್ಮಂಥ ದೇಶಗಳದ್ದು, ಕಾರಣ ಆಯುಷ್ಯ ಹೆಚ್ಚುತ್ತಿದೆ. ಇಪ್ಪತ್ತೈದು, ಮೂವತ್ತರ ಓದುಗರೇ, ನಿಮ್ಮಪ್ಪ, ದೊಡ್ಡಪ್ಪ, ಮಾವಂದಿರು ಈಗ ಆ ವಯಸ್ಸಿಗೆ ಕಾಲಿಡುತ್ತಿದ್ದಾರೆ. ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೋ ಬರುವುದು ನಿಮಗೇ.

ಮಾಡಬೇಕಾದ ಕೆಲಸದಲ್ಲಿ ಅರ್ಧ ತೀರಾ ಸಣ್ಣದು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದದ್ದು 2007ರಲ್ಲಿ. 2017ರ ತಿದ್ದುಪಡಿಯ ಹೊತ್ತಿಗೆ ವೈದ್ಯರು ಮುಷ್ಕರ ಹೂಡಿ ರಾಜ್ಯದಲ್ಲಿ ರೋಗಿಗಳು ಪರದಾಡಿದ್ದು ನೆನಪಿರಬಹುದು. ಲ್ಯಾಬ್‌ಗಳೂ ಆ ಕಾಯ್ದೆಯಡಿಯೇ ಬರುತ್ತವೆ. ಗುಣಮಟ್ಟದ ಎನ್‌ಎಬಿಎಲ್ ಮಾನ್ಯತೆ ಮಾತ್ರ ಇವತ್ತಿಗೂ ಅವರವರ ಇಷ್ಟ. ಪಿಎಸ್‌ಎ ರಿಪೋರ್ಟಿನಲ್ಲಿ ಯಾವ ಯಂತ್ರ, ಯಾವ ಮಾನದಂಡ ಎಂದು ನಮೂದಿಸಬೇಕು, 0ಯಿಂದ 4ರ ವ್ಯಾಪ್ತಿ ಚಿಕಿತ್ಸೆಯಾದವರಿಗೆ ಅನ್ವಯಿಸುವುದಿಲ್ಲ ಎಂದು ಕನ್ನಡದಲ್ಲಿ ಒಂದು ಸಾಲು ಇರಬೇಕು ಎಂದು ಆರೋಗ್ಯ ಇಲಾಖೆ ನಿಯಮ ಮಾಡಿದರೆ ಬೊಕ್ಕಸಕ್ಕೆ ಒಂದು ಪೈಸೆ ಹೊರೆಯಿಲ್ಲ. ದುಡ್ಡಿನ ಮಾತು ಬಂದರೆ, 2025ರ ಸೆಪ್ಟೆಂಬರ್ 22ರಿಂದ ಡಯಾಗ್ನೋಸ್ಟಿಕ್ ಕಿಟ್‌ಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ದೊಡ್ಡಪ್ಪನ ಎರಡು ರಸೀದಿ ನನ್ನ ಮುಂದಿವೆ, ಒಂದೇ ಲ್ಯಾಬಿನವು. ಆಗಸ್ಟಿನದು 650 ರೂಪಾಯಿ. ಡಿಸೆಂಬರಿನದೂ 650.